ಬಸುರಿಯಾಗಿ ಹೊಸ ಕಂಪನಿ ಸೇರಿದರೂ ಇಎಸ್‌ಐ ಹೆರಿಗೆ ದುಡ್ಡು ತಗೊಂಡೆ

"ಸೇರುವಾಗಲೇ ಎರಡು ತಿಂಗಳು. ನಿನಗೆ ಯಾರು ಕೊಡ್ತಾರೆ?" ಅಂತ ಹೇಳದವರೇ ಇರಲಿಲ್ಲ. ನಮ್ಮ ಸೂಪರ್‌ವೈಸರ್, ಪಕ್ಕದ ಟೇಬಲಿನ ಅಕ್ಕ, ಕೊನೆಗೆ ನಮ್ಮ ಮನೆಯವರೂ ಅದನ್ನೇ ಹೇಳಿದರು. ಹೊಸ ಕಂಪನಿಯಲ್ಲಿ ವರ್ಷ ತುಂಬದೆ ಇಎಸ್‌ಐ (ಸಂಬಳದಲ್ಲಿ ಕಟ್ ಆಗುವ ಕಾರ್ಮಿಕರ ವಿಮೆ) ಹೆರಿಗೆ ದುಡ್ಡು ಇಲ್ಲ ಅನ್ನೋದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಅದು ಸುಳ್ಳು. ತೊಂಬತ್ತು ಸಾವಿರದ ಮೇಲೆ ನನ್ನ ಖಾತೆಗೆ ಬಂದಿದೆ, ಅದಕ್ಕೇ ಬರೀತಿದ್ದೀನಿ.

ನಂದು ಮಷೀನ್ ಶಾಪಿನಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ. ಹಳೇ ಕಂಪನಿಯನ್ನು 2022ರ ನವೆಂಬರ್ ಕೊನೆಗೆ ಬಿಟ್ಟೆ. 2023ರ ಫೆಬ್ರವರಿ ಮಧ್ಯದಲ್ಲಿ ಹೊಸದಕ್ಕೆ ಸೇರಿದೆ. ಡಾಕ್ಟರ್ ಕೊಟ್ಟ ಡೇಟ್ ಸೆಪ್ಟೆಂಬರ್. ಲೆಕ್ಕ ಮಾಡಿ ನೋಡಿ. ಜುಲೈಯಿಂದ ಡಿಸೆಂಬರ್ ಒಳಗೆ ಹೆರಿಗೆ ಆದರೆ ಅದರ ಹಿಂದಿನ ಎರಡು ಕಾಂಟ್ರಿಬ್ಯೂಷನ್ ಪೀರಿಯಡ್ (ವಿಮೆ ಕಟ್ಟಿದ ಆರಾರು ತಿಂಗಳ ಲೆಕ್ಕ) ನೋಡ್ತಾರೆ, ಅಂದರೆ 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ. ಅಷ್ಟರಲ್ಲಿ 70 ದಿನದ ಇಎಸ್‌ಐ ಕಟ್ಟಿರಬೇಕು. ಕಂಪನಿ ಒಂದೇ ಆಗಿರಬೇಕು ಅಂತ ಎಲ್ಲೂ ಇಲ್ಲ. ಹಳೇ ಕಡೆಯ ಎಂಟು ತಿಂಗಳೇ ನನಗೆ ಧಾರಾಳ ಸಾಕಿತ್ತು.

ಸಾಕಿತ್ತು ಅಷ್ಟೇ, ಸುಲಭವಾಗಿ ಸಿಗಲಿಲ್ಲ. ಹೊಸ ಕಂಪನಿಯ ಪಿಎಫ್, ಇಎಸ್‌ಐ ಲೆಕ್ಕ ನೋಡುವ ಕನ್ಸಲ್ಟೆಂಟ್ ನನ್ನ ಹಳೇ ಐಪಿ ನಂಬರ್ (ಇಎಸ್‌ಐ ವಿಮೆ ನಂಬರ್) ಹಾಕುವ ಬದಲು ಹೊಸ ನಂಬರ್ ಹುಟ್ಟಿಸಿಬಿಟ್ಟಿದ್ದ. ಸೇರುವ ದಿನವೇ ಹಳೇ ಪೆಹಚಾನ್ ಕಾರ್ಡಿನ (ಇಎಸ್‌ಐ ಗುರುತಿನ ಚೀಟಿ) ಜೆರಾಕ್ಸ್ ಕೊಟ್ಟಿದ್ದೆ. "ಹೊಸದು ಮಾಡೋದು ಸುಲಭ ಮೇಡಂ" ಅಂದನಂತೆ. ಅವನಿಗೆ ಸುಲಭ. ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕಂಪ್ಯೂಟರ್ ತಿರುಗಿಸಿ ತೋರಿಸಿದರು: ಹೊಸ ನಂಬರಿನಲ್ಲಿ ಮಾರ್ಚ್‌ವರೆಗೆ ನಲವತ್ತು ಚಿಲ್ಲರೆ ದಿನ. ಪಕ್ಕದಲ್ಲಿ ಕೆಂಪಕ್ಷರದಲ್ಲಿ ಅರ್ಹತೆ ಇಲ್ಲ. ಹಳೇ ನಂಬರಿನಲ್ಲಿ ಇನ್ನೂರರ ಮೇಲೆ ದಿನ ಸುಮ್ನೆ ಬಿದ್ದಿತ್ತು.

ಎರಡು ನಂಬರ್ ಒಂದು ಮಾಡಿಸಬೇಕು. ಹಳೇ ಕಾರ್ಡನ್ನು ನಾನು ಲ್ಯಾಮಿನೇಷನ್ ಮಾಡಿಸಿಟ್ಟಿದ್ದೆ. ಅದರ ಮೇಲೆ ನಮ್ಮ ಮದುವೆ ಆದ ಹೊಸತರ ಫೋಟೊ, ಹಳೇ ಕಂಪನಿ ಸೀಲು. ಅದೇ ಕೈ ಹಿಡಿಯಿತು. ಜೊತೆಗೆ ಆಧಾರ್, ಎರಡೂ ಕಂಪನಿಯ ಸಂಬಳದ ಚೀಟಿ, ಹೊಸ ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ. ಆ ಪತ್ರದ ಒಕ್ಕಣೆ ಮಾತ್ರ ಇಲ್ಲಿ ಹಾಕಲ್ಲ. ಎರಡು ಸಲ ವಾಪಸ್ ಬಂದ ಪತ್ರ ಮೂರನೇ ಸಲ ಒಂದು ಸಾಲು ಬದಲಾಯಿಸಿದ್ದಕ್ಕೆ ಪಾಸಾಯಿತು. ಆ ಸಾಲು ಬೇಕಾದವರು ಎದುರಿಗೆ ಕೂತು ಕೇಳಲಿ, ಕಾಫಿ ಅವರದ್ದು. ಆಧಾರ್‌ನಲ್ಲಿ ಅಪ್ಪನ ಇನಿಷಿಯಲ್, ಹೊಸ ನಂಬರಿನಲ್ಲಿ ಗಂಡನ ಹೆಸರು ಇದ್ದದ್ದೂ ಒಂದಷ್ಟು ವಾರ ತಿಂದಿತು. ಇದರ ಮಧ್ಯೆ ಒಬ್ಬ ಏಜೆಂಟ್ ಸಿಕ್ಕಿ, ಹತ್ತು ಸಾವಿರ ಕೊಟ್ಟರೆ ವಾರದಲ್ಲಿ ಮಾಡಿಸ್ತೀನಿ ಅಂದ. ನಾನು ಕೊಟ್ಟಿದ್ದು ಜೆರಾಕ್ಸ್ ಮತ್ತು ಆಟೊ ದುಡ್ಡು, ಎಲ್ಲ ಸೇರಿ ಸಾವಿರ ಸಾವಿರದೈನೂರು.

ಎರಡನೇ ತಲೆನೋವು ಚಲನ್‌ದು, ಕಂಪನಿ ತಿಂಗಳು ತಿಂಗಳು ಇಎಸ್‌ಐ ಕಟ್ಟುವ ಚೀಟಿ. ಎಂಟು ವಾರ ಮುಂಚೆಯೇ ರಜೆ ಹಾಕಬಹುದಿತ್ತು. ಮಗು ಹುಟ್ಟಿದ ಮೇಲೆ ಜಾಸ್ತಿ ದಿನ ಸಿಗಲಿ ಅಂತ ನಾನು ಆಗಸ್ಟ್ ಮೂರನೇ ವಾರದವರೆಗೂ ಹೋದೆ. ಕಾಲು ಊದಿಕೊಂಡಿತ್ತು, ಕೂತೇ ಮಾಡುವ ಕೆಲಸ ಆದ್ದರಿಂದ ನಡೆಯಿತು. ನಿಂತು ಕೆಲಸ ಮಾಡುವವರು ಹೀಗೆ ಮಾಡಬೇಡಿ. ಕನ್ಸಲ್ಟೆಂಟ್ ಆಗಸ್ಟ್‌ಗೆ ಪೂರ್ತಿ ತಿಂಗಳ ಹಾಜರಿ ಹಾಕಿ ಚಲನ್ ಕಟ್ಟಿದ. ಕೆಲಸ ಮಾಡಿದ ದಿನಕ್ಕೆ ಹೆರಿಗೆ ಭತ್ಯೆ ಇಲ್ಲ, ಅಲ್ವಾ? ಕ್ಲೇಮ್ ಅಲ್ಲೇ ನಿಂತಿತು. ಹಾಜರಿ ಪುಸ್ತಕದ ನಕಲು, ಕಂಪನಿಯ ಇನ್ನೊಂದು ಪತ್ರ, ಮತ್ತೆ ಓಡಾಟ. ಅಷ್ಟರಲ್ಲಿ ನಾನು ತವರು ಗುಬ್ಬಿಯಲ್ಲಿ ಬಾಣಂತಿ. ಓಡಾಡಿದ್ದು ನಮ್ಮ ಮನೆಯವರು. ಅವರ ಕಂಪನಿ ಕೊಟ್ಟದ್ದು ಮೂರು ದಿನ ರಜೆ, ಖಾಸಗಿಯವರಿಗೆ ಅಪ್ಪನ ರಜೆ ಅಂತ ಕಾನೂನೇ ಇಲ್ಲ. ರಾಜ್ಯ ಸರ್ಕಾರದ ಕೆಲಸದಲ್ಲಿರುವ ಅವರ ಸ್ನೇಹಿತರಿಗೆ ಹದಿನೈದು ದಿನ ಸಿಕ್ಕಿತ್ತು. ಅದನ್ನು ಇವರು ಇವತ್ತಿಗೂ ಹೇಳಿಕೊಂಡು ಹೊಟ್ಟೆ ಉರಿದುಕೊಳ್ತಾರೆ.

ಹೆರಿಗೆ ಆಗಿದ್ದು ತವರಿನ ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಿ, ಸಿಸೇರಿಯನ್. ಬಿಲ್ಲು ಅರವತ್ತು ಸಾವಿರದ ಹತ್ತಿರ, ಅದು ಕೈಯಿಂದಲೇ ಹೋಯಿತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿತ್ತು, ಆದರೆ ಬಾಣಂತನಕ್ಕೆ ಅಮ್ಮ ಬೇಕಿತ್ತು. ಖಾಸಗಿಯಲ್ಲಿ ಹೆತ್ತರೆ ಇಎಸ್‌ಐ ದುಡ್ಡೂ ಹೋಯಿತು ಅಂತ ಹೆದರಿಸಿದರು. ಹೋಗಲಿಲ್ಲ. ಡಿಸ್ಚಾರ್ಜ್ ಸಮ್ಮರಿ, ಜನನ ಪ್ರಮಾಣಪತ್ರ, ತಾಯಿ ಕಾರ್ಡ್ ತಗೊಂಡು ಇಎಸ್‌ಐ ಡಿಸ್ಪೆನ್ಸರಿ ಡಾಕ್ಟರ್ ಹತ್ತಿರ ಹೋದೆವು. ಅವರು ನೋಡಿ ಸರ್ಟಿಫಿಕೇಟ್ ಬರೆದುಕೊಟ್ಟರು.

ಈಗ ದುಡ್ಡು. ಸರಾಸರಿ ದಿನಗೂಲಿ ಐನೂರ ಹದಿನೈದರ ಸುಮಾರು ಬಂತು. ಹಳೇ ಸಂಬಳ ಕಡಿಮೆ ಇದ್ದದ್ದರಿಂದ ಸ್ವಲ್ಪ ಇಳಿಯಿತು. 26 ವಾರ ಅಂದರೆ 182 ದಿನ. ಒಟ್ಟು ತೊಂಬತ್ಮೂರೋ ತೊಂಬತ್ನಾಲ್ಕೋ ಸಾವಿರ, ಕಂತು ಕಂತಾಗಿ. ಮೊದಲ ಕಂತು ಬರುವಷ್ಟರಲ್ಲಿ ಮಗುವಿಗೆ ನಾಲ್ಕು ತಿಂಗಳು. ಅಲ್ಲಿವರೆಗೆ ಸರ ಅಡ ಇಟ್ಟು ದಿನ ದೂಡಿದ್ದೆವು. ನನ್ನ ಸಂಬಳದಲ್ಲಿ ಕಟ್ ಆಗುತ್ತಿದ್ದದ್ದು ಮುಕ್ಕಾಲು ಪರ್ಸೆಂಟ್, ತಿಂಗಳಿಗೆ ನೂರಿಪ್ಪತ್ತು ಚಿಲ್ಲರೆ. ಅದನ್ನೇ ದಂಡ ಅಂತ ಬೈತಿದ್ದವರು ನಮ್ಮ ಶಾಪಿನಲ್ಲಿ ತುಂಬ ಜನ.

ಇದೇ ಹುಮ್ಮಸ್ಸಿನಲ್ಲಿ ನಾದಿನಿಯ ಮಾತೃವಂದನಾಕ್ಕೂ (ಬಸುರಿ, ಬಾಣಂತಿಯರಿಗೆ ಕೇಂದ್ರ ಸರ್ಕಾರ ಕೊಡುವ ಸಹಾಯಧನ) ಕೈ ಹಾಕಿದೆ. ನನಗೆ ಅದು ಸಿಗಲ್ಲ, ಇಎಸ್‌ಐ ಹೆರಿಗೆ ದುಡ್ಡು ತಗೊಂಡವರಿಗೆ ಅದೂ ಜೊತೆಗೆ ಕೊಡಲ್ಲ. ಅವಳು ಮನೆಯಲ್ಲೇ ಬ್ಲೌಸ್ ಹೊಲೀತಾಳೆ, ಬಿಪಿಎಲ್ ಕಾರ್ಡ್ ಇದೆ, ಮೊದಲ ಮಗು. ಮೊದಲು ಮೂರು ಸಾವಿರ, ಹುಟ್ಟಿ ಮೊದಲ ಸುತ್ತಿನ ಲಸಿಕೆ ಆದ ಮೇಲೆ ಎರಡು ಸಾವಿರ. ಅಂಗನವಾಡಿ ಟೀಚರ್ ಅರ್ಜಿ ಹಾಕಿದ್ದರು, ಹಣ ಹೋಗಿದೆ ಅಂತ ತೋರಿಸುತ್ತಿತ್ತು. ಪಾಸ್‌ಬುಕ್‌ನಲ್ಲಿ ಮಾತ್ರ ಸೊನ್ನೆ. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಿದರೆ, ಡಿಗ್ರಿಯಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆರೆದಿದ್ದ ಖಾತೆ! ಮೂರು ಸಾವಿರ ಅಲ್ಲೇ ಕೂತಿತ್ತು. ಅರ್ಜಿಯಲ್ಲಿ ನೀವು ಯಾವ ಖಾತೆ ಬರೆದರೂ ದುಡ್ಡು ಹೋಗುವುದು ಆಧಾರ್ ಜೋಡಣೆ ಇರುವ ಕಡೆಗೇ. ಅವಳಿಗೆ ಎರಡನೆಯದು ಹೆಣ್ಣಾದರೆ ಆರು ಸಾವಿರ ಒಂದೇ ಸಲ ಬರುತ್ತೆ ಅಂತ ಹೇಳಿದ್ದಕ್ಕೆ ಅತ್ತೆ ನನ್ನ ಮುಖ ನೋಡಿದರು.

ಸದ್ಯ ನಮ್ಮ ಶಾಪಿನ ಇನ್ನೊಬ್ಬಳ ಫೈಲು ನನ್ನ ಹತ್ತಿರ ಇದೆ. ಅವಳಿಗೆ ಮೂರು ಐಪಿ ನಂಬರ್, ಅದರಲ್ಲಿ ಒಂದು ಹೊಸೂರಿನದು. ಡೇಟ್ ಮುಂದಿನ ತಿಂಗಳು. ಹಳೇ ಕಾರ್ಡ್ ಎಲ್ಲಿಟ್ಟಿದ್ದೀಯ ಅಂದರೆ ಅಟ್ಟದ ಮೇಲೆ ಹುಡುಕಿಸ್ತೀನಿ ಅಂತಾಳೆ.