ಪುಣೆ ಸುತ್ತಲ ಹೊಲದಲ್ಲಿ ಸುಸ್ಥಿರ ಕೃಷಿ: ಮೊದಲ ವರ್ಷದ ಕೆಲಸ

ಪುರಂದರ, ಶಿರೂರು ಕಡೆ ಹೊಲ ಹಿಡಿದಿರುವ ಪುಣೆ ಕನ್ನಡಿಗರು ಮೊದಲು ಮಣ್ಣಿಗೆ ಉಣಿಸಬೇಕು. ಜೂನ್‌ನಲ್ಲಿ ನೆಲ ಹದವಾದ ಕೂಡಲೇ ಹಸಿರೆಲೆ ಗೊಬ್ಬರಕ್ಕೆಂದು ಎಕರೆಗೆ 20–25 ಕಿಲೋ ಸೆಣಬಿನ ಬೀಜ ಬಿತ್ತಿ. ಇಲ್ಲಿನ ಬೀಜದಂಗಡಿಯಲ್ಲಿ ‘ತಾಗ್’ ಎಂದು ಕೇಳಿ. ಹೂ ಬಿಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ. ತಡವಾದರೆ ಕಾಂಡ ನಾರಾಗಿ ಬೇಗ ಕೊಳೆಯದು.

ಎಕರೆಗೆ ಜೀವಾಮೃತ (ಮಣ್ಣಿಗೆ ಹಾಕುವ, ಸಗಣಿ-ಗಂಜಲ ಹುಳಿಸಿದ ದ್ರವ): 200 ಲೀಟರ್ ನೀರು, 10 ಕಿಲೋ ಜವಾರಿ ಆಕಳ ಸಗಣಿ, 5–10 ಲೀಟರ್ ಗಂಜಲ, ಬೆಲ್ಲ ಮತ್ತು ಕಡಲೆ ಹಿಟ್ಟು ತಲಾ 2 ಕಿಲೋ, ರಾಸಾಯನಿಕ ಬೀಳದ ಬದುವಿನ ಒಂದು ಹಿಡಿ ಮಣ್ಣು. ನಲ್ಲಿ ನೀರಾದರೆ ಮೊದಲೇ ಒಂದು ದಿನ ತೆರೆದಿಡಿ, ಕ್ಲೋರಿನ್ ಕಡಿಮೆಯಾಗಲಿ. ಡ್ರಮ್ ನೆರಳಿನಲ್ಲಿರಲಿ, ಮೇಲೆ ಗೋಣಿತಟ್ಟು. ದಿನಕ್ಕೆರಡು ಸಲ ಕೋಲಿನಿಂದ ತಳದವರೆಗೆ ಕಲಕಿ. 48 ಗಂಟೆಗೆ ನೊರೆ ಎದ್ದು ಹುಳಿ ವಾಸನೆ ಬರುತ್ತದೆ. ಕೊಳೆತ ನಾತ ಬಂದರೆ ಗಾಳಿ ಸಾಕಾಗಿಲ್ಲ. ವಾರದೊಳಗೆ ತೇವವಿರುವ ನೆಲಕ್ಕೇ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಮಾತ್ರ ಖಂಡಿತ ಬೇಡ.

ಕಬ್ಬಿನ ರವದಿ (ಒಣಗಿದ ಗರಿ) ಸುಡಬೇಡಿ, ಸಾಲುಗಳ ನಡುವೆ ಹೊದಿಸಿ. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ.

ಗೊಬ್ಬರ, ಔಷಧಿಯ ಖರ್ಚು ಇಳಿಯುವುದು ನಿಜ. ಆದರೆ ಮೊದಲ ಎರಡು-ಮೂರು ವರ್ಷ ಇಳುವರಿ ಕುಸಿಯಬಹುದು, ಕಳೆ ಕೀಳುವ ಕೂಲಿ ಏರುತ್ತದೆ. ಜೀವಾಮೃತವೊಂದೇ ಬೆಳೆಗೆ ಬೇಕಾದಷ್ಟು ಸಾರಜನಕ ಕೊಡದು. ಕೊಟ್ಟಿಗೆ ಗೊಬ್ಬರ, ದ್ವಿದಳ ಬೆಳೆ ಬೇಕೇ ಬೇಕು. ಹಾಗಾಗಿ ಈ ವರ್ಷ ಕಾಲು ಎಕರೆ ಮಾತ್ರ ಬದಲಿಸಿ.