ರಾಯಚೂರು ಕದನ ಮೇಜಿನ ಮೇಲೆ: ನಮ್ಮ ಮೊದಲ ಓಪನ್ ಡೇ

"ಇವು ಜೋಡಿ ಎಷ್ಟಕ್ಕ ಕೊಡ್ತೀರಿ?"

ಓಪನ್ ಡೇ ದಿನ ಬಂದ ಮೊದಲ ಪ್ರಶ್ನೆ ಇದು. ಕೇಳಿದವರು ಮಗನ ಕೈ ಹಿಡಿದು ಬಂದಿದ್ದ ಒಬ್ಬ ತಾಯಿ. ಅವರು ತೋರಿಸಿದ್ದು ನಾನು ಮೂರು ರಾತ್ರಿ ಕೂತು ಬಣ್ಣ ಹಚ್ಚಿದ ಆನೆಗಳನ್ನು. ಮಾರೋದಕ್ಕಲ್ಲ ಅಕ್ಕಾ, ಆಡೋದಕ್ಕೆ ಅಂದೆ. "ಆಟದ ಸಾಮಾನು ಇಷ್ಟು ಹರವಿಕೊಂಡು ಕುಂತೀರಿ, ಮಾರಲ್ಲಂದ್ರ ಹ್ಯಾಂಗ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ರಾಯಚೂರಿನಲ್ಲಿ ನಾವು ಏಳು ಜನ ಈ ಆಟ ಆಡುತ್ತೇವೆ. ತಿಂಗಳಿಗೊಂದು ಭಾನುವಾರ, ಯಾರದಾದರೂ ಮನೆಯಲ್ಲಿ. ಮೇಜಿನ ಮೇಲೆ ಗುಡ್ಡ, ಹೊಳೆ, ಕೋಟೆ ಮಾಡಿ, ಬೆರಳಿನ ಗೆಣ್ಣಿನಷ್ಟು ಎತ್ತರದ ಸೈನಿಕರನ್ನು ನಿಲ್ಲಿಸಿ ಕಾದಾಡಿಸುವ ಆಟ. ಚದುರಂಗದ ಹಾಗೆ ಮನೆಗಳಿಲ್ಲ. ಟೇಪು ಹಿಡಿದು ಅಳೆದು ನಡೆಸಬೇಕು. ಹೊಡೆತ ತಗುಲಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಏಳೂ ಜನಕ್ಕೆ ಒಬ್ಬೊಬ್ಬರ ಚಾಳಿ ಗೊತ್ತಾಗಿ ಆಟ ಸಪ್ಪೆಯಾಗಿತ್ತು. ಹೊಸಬರು ಬೇಕಿತ್ತು. ಓಪನ್ ಡೇ ಇಟ್ಟಿದ್ದು ಅದಕ್ಕೇ, ದೊಡ್ಡ ಉದ್ದೇಶ ಏನಿಲ್ಲ.

ಯಾವ ಯುದ್ಧ ತೋರಿಸೋದು? ನಮ್ಮಲ್ಲಿ ಚೆಂದವಾಗಿ ಬಣ್ಣ ಕಂಡಿದ್ದು ನೆಪೋಲಿಯನ್ ಕಾಲದ ಸೈನ್ಯ. ಅದನ್ನೇ ಇಡೋಣ ಅಂತ ನಾನು ಹಟ ಹಿಡಿದೆ. "ರಾಯಚೂರಾಗ ಕುಂತು ವಾಟರ್‌ಲೂ ಆಡ್ತೀಯೇನಲೇ?" ಅಂತ ಗೆಳೆಯ ಬೈದ ಮೇಲೆ ಬಾಯಿ ಮುಚ್ಚಿದೆ. 1520ರಲ್ಲಿ ಇದೇ ಊರಿಗಾಗಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ ಕಾದಾಡಿದ್ದರು. ಅದಕ್ಕಿಂತ ಬೇರೆ ಬೇಕಾ?

ಆ ಕದನದ ಬಗ್ಗೆ ಹೆಚ್ಚು ವಿವರ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಅವನ ಲೆಕ್ಕದಲ್ಲಿ ರಾಯರ ಕಡೆ 7 ಲಕ್ಷಕ್ಕೂ ಜಾಸ್ತಿ ಕಾಲಾಳು, 32,600 ಕುದುರೆ, 551 ಆನೆ. ಇದನ್ನು ಹಾಗೇ ನಂಬೋದು ಕಷ್ಟ. ಆದರೆ ಆಟ ಕಟ್ಟುವವನಿಗೆ ಅವನ ಬರಹದಲ್ಲಿ ಎರಡು ರತ್ನ ಸಿಗುತ್ತವೆ. ಒಂದು, ಆದಿಲ್ ಶಾ ತನ್ನ ತೋಪುಗಳನ್ನೆಲ್ಲ ಒಂದೇ ಸಲಕ್ಕೆ ಹಾರಿಸಿದ. ರಾಯರ ಮುಂಚೂಣಿ ಚೆಲ್ಲಾಪಿಲ್ಲಿಯಾಯಿತು. ಇನ್ನೊಂದು, ಆಗ ರಾಯರು ಬೆರಳಿನ ಉಂಗುರ ತೆಗೆದು ಸೇವಕನಿಗೆ ಕೊಟ್ಟರು. ನಾನು ಸತ್ತರೆ ರಾಣಿಯರಿಗೆ ಗುರುತಿಗೆ ತೋರಿಸು ಅಂತ ಹೇಳಿ ಕುದುರೆ ಏರಿ ನುಗ್ಗಿದರು, ಗೆದ್ದರು.

ನಮ್ಮ ಆಟ ನಿಂತಿದ್ದು ಈ ಎರಡರ ಮೇಲೇ. ತೋಪು ಒಮ್ಮೆ ಹಾರಿಸಿದರೆ ಎರಡು ಸುತ್ತು ಸುಮ್ಮನಿರಬೇಕು, ಮದ್ದು ತುಂಬೋಕೆ. ರಾಯರ ಕಡೆಯವರಿಗೆ ಒಂದು ನಿಜವಾದ ಬೆಳ್ಳಿ ಉಂಗುರ ಕೊಡುತ್ತೇವೆ. ಅದನ್ನು ಮೇಜಿನ ಮೇಲಿಟ್ಟರೆ ಓಡುತ್ತಿರುವ ಸೈನ್ಯವೆಲ್ಲ ತಿರುಗಿ ನಿಲ್ಲುತ್ತದೆ. ಆದರೆ ಅಲ್ಲಿಂದಾಚೆ ರಾಯರ ಕುದುರೆ ಬಿತ್ತೋ, ಆಟ ಮುಗಿಯಿತು. ನಿಯಮವೆಲ್ಲ ಒಂದೇ ಹಾಳೆಯಲ್ಲಿ, ಆಟ 25 ನಿಮಿಷ. ಇದಕ್ಕಿಂತ ಉದ್ದದ ಆಟ ಓಪನ್ ಡೇಗೆ ಆಗಿಬರೋದಿಲ್ಲ.

ಮೇಜು ಆರಡಿ ಉದ್ದ, ನಾಲ್ಕಡಿ ಅಗಲ. ನಾಲ್ಕಡಿಗಿಂತ ಜಾಸ್ತಿ ಅಗಲ ಮಾಡಬೇಡಿ, ನಡುವಿನ ಸೈನಿಕರಿಗೆ ಕೈ ಎಟುಕೋದಿಲ್ಲ. ಗುಡ್ಡಕ್ಕೆ ಥರ್ಮಾಕೋಲ್, ಅದರ ಮೇಲೆ ಫೆವಿಕಾಲ್ ಸವರಿ ಮಣ್ಣು. ಬಂಡೆಗೆ ನಿಜವಾದ ಜಲ್ಲಿ ಚೂರು. ಅದಕ್ಕೇನು ನಮ್ಮೂರಲ್ಲಿ ಬರವೇ?

ಕದನ ನಡೆದದ್ದು ಮೇ ತಿಂಗಳಲ್ಲಿ. ಆಗಲೇ ಇಡೋಣ ಅಂದವರೂ ಇದ್ದರು. ರಾಯಚೂರಿನ ಮೇ ತಿಂಗಳಲ್ಲಿ ಹಗಲು ಹೊರಗೆ ಬರುವವರು ಯಾರು? ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಅಂತ ಗೊತ್ತು ಮಾಡಿದೆವು.

ಏಪ್ರಿಲ್ ಕೂಡ ನಮ್ಮನ್ನು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಸಾಮಾನೆಲ್ಲ ಕಾರಿಗೆ ತುಂಬಿ, ಬಿಸಿಲಲ್ಲೇ ನಿಲ್ಲಿಸಿ ಊಟಕ್ಕೆ ಹೋದೆ. ಸೈನಿಕರು ರೆಸಿನ್‌ನವರು, ಅವರಿಗೇನೂ ಆಗಲಿಲ್ಲ. ಆನೆ, ತೋಪು, ಕೋಟೆ ಗೋಡೆ ಮಾತ್ರ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ್ದು. ಅದು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಗಾಜು ಏರಿಸಿದ ಕಾರು ನಮ್ಮ ಬಿಸಿಲಲ್ಲಿ ಅಷ್ಟು ಕಾಯೋದು ದೊಡ್ಡ ಮಾತಲ್ಲ. ವಾಪಸ್ ಬಂದು ಡಬ್ಬಿ ತೆಗೆದರೆ ಕೋಟೆ ಗೋಡೆ ಬಾಡಿದ ಬಾಳೆಲೆ. ಆನೆಗಳ ಮೇಲಿನ ಬಾವುಟದ ಕೋಲುಗಳು ತಲೆ ತಗ್ಗಿಸಿ ನಿಂತಿದ್ದವು, ಯುದ್ಧಕ್ಕೆ ಮೊದಲೇ ಸೋತವರ ಹಾಗೆ. ರಾತ್ರಿ ಹತ್ತರವರೆಗೆ ಒಂದೊಂದನ್ನೂ ಬಿಸಿ ನೀರಲ್ಲಿ ಅದ್ದೋದು, ಬೆರಳಲ್ಲಿ ನೆಟ್ಟಗೆ ಮಾಡೋದು, ತಣ್ಣೀರಲ್ಲಿ ಮುಳುಗಿಸೋದು. ಮುಕ್ಕಾಲು ಪಾಲು ಸರಿಯಾಯಿತು. ಒಂದು ಗೋಡೆ ಸೊಟ್ಟಗೇ ಉಳಿಯಿತು. ಮರುದಿನ ಯಾರೋ ಅದನ್ನು ನೋಡಿ "ಹಳೆ ಕೋಟಿ ಹಂಗs ಕಾಣ್ತದ ನೋಡ್ರಿ" ಅಂತ ಹೊಗಳಿದರು.

ಭಾನುವಾರದ ಮೊದಲ ಒಂದು ತಾಸು ಪೂರಾ ಹಾಳಾಯಿತು. ತಪ್ಪು ನನ್ನದೇ. ಬಂದವರನ್ನು ಮೇಜಿನ ಸುತ್ತ ನಿಲ್ಲಿಸಿ ಕದನದ ಹಿನ್ನೆಲೆ, ದೋಆಬ್ (ಎರಡು ನದಿಗಳ ನಡುವಿನ ನೆಲ) ಅಂದರೇನು, ನೂನಿಜ್ ಯಾರು ಅಂತ ಭಾಷಣ ಶುರು ಮಾಡಿದೆ. ಮೇಜಿನ ಅಂಚಿಗೆ "ದಯವಿಟ್ಟು ಮುಟ್ಟಬೇಡಿ" ಅಂತ ಚೀಟಿ ಬೇರೆ. ಜನ ತಲೆ ಆಡಿಸುತ್ತಲೇ ಹಿಂದೆ ಸರಿದು, ಹೊರಗಿನ ಬಂಡಿಯ ಒಗ್ಗರಣಿ ಮಿರ್ಚಿ ಕಡೆ ಹೋದರು. ನಮ್ಮ ಗುಂಪಿನ ಕಿರಿಯವನು ಸುಮ್ಮನೆ ಆ ಚೀಟಿ ಕಿತ್ತು, ಒಬ್ಬ ಹುಡುಗನ ಕೈಗೆ ದಾಳ ಕೊಟ್ಟು, "ತಮ್ಮಾ, ಆ ತೋಪು ಹಾರ್ಸು" ಅಂದ. ಹುಡುಗ ದಾಳ ಎಸೆದ. ಆರು ಬಿತ್ತು. ರಾಯರ ಮುಂದಿನ ಸಾಲಿನ ಒಂದು ತುಕಡಿಯನ್ನು ಅವನೇ ಎತ್ತಿ ಆಚೆ ಇಟ್ಟ. ಐದು ನಿಮಿಷದಲ್ಲಿ ಮಿರ್ಚಿ ಬಂಡಿಯ ಹತ್ತಿರ ಇದ್ದವರೆಲ್ಲ ಒಳಗೆ.

ಎಣ್ಣೆ ಕೈ ಸಮೇತ ಬಂದರು ಅನ್ನೋದು ಬೇರೆ ಮಾತು. ಬಣ್ಣದ ಮೇಲೆ ವಾರ್ನಿಶ್ ಎರಡು ಸಲ ಹೊಡೆದಿದ್ದೆವು, ಬಚಾವಾದೆವು. ಬಾಗಿಲಲ್ಲಿ ಒಂದು ಬಕೆಟ್ ನೀರು, ಟವೆಲ್ ಇಡಿ.

ಅವತ್ತು ಆರು ಆಟ ಆಯಿತು. ನಾಲ್ಕನೆಯದು ಮರೆಯೋ ಹಾಗಿಲ್ಲ. ಯಾರು ಯಾವ ಕಡೆ ಅಂತ ನಾವು ಚೀಟಿ ಎತ್ತಿಸುತ್ತಿದ್ದೆವು, ಬೇಕೆಂದೇ. "ಇದು ಹಿಂದೂ ಮುಸ್ಲಿಂ ಜಗಳ ಅಲ್ವಾ?" ಅಂತ ಒಬ್ಬರು ಕೇಳಿದ್ದರು. ರಾಯರ ಸೈನ್ಯದಲ್ಲೂ ಮುಸ್ಲಿಂ ಸೈನಿಕರಿದ್ದರು, ಪೋರ್ಚುಗೀಸರು ಎರಡೂ ಕಡೆ ಇದ್ದರು ಅಂತ ಹೇಳಿ ಚೀಟಿ ಡಬ್ಬಿ ಮುಂದೆ ಹಿಡಿದೆ. ನಾಲ್ಕನೆಯ ಆಟದಲ್ಲಿ ಎಂಟನೇ ಕ್ಲಾಸಿನ ಹುಡುಗಿಗೆ ಆದಿಲ್ ಶಾ ಬಂದ. ಅವಳು ಹಾಳೆ ಎರಡು ಸಲ ಓದಿ ಕೇಳಿದಳು: "ಅಣ್ಣಾ, ಎಲ್ಲಾ ತೋಪು ಒಮ್ಮೆಲೇ ಹಾರಿಸಬೇಕು ಅಂತ ಎಲ್ಲೈತಿ?"

ಎಲ್ಲೂ ಇರಲಿಲ್ಲ. ಅಲ್ಲಿವರೆಗೆ ಆದಿಲ್ ಶಾ ಆದವರೆಲ್ಲ ಮೊದಲ ಸುತ್ತಿಗೇ ಎಲ್ಲವನ್ನೂ ಢಂ ಅನ್ನಿಸಿ, ಆಮೇಲೆ ಎರಡು ಸುತ್ತು ಕುದುರೆಗಳಿಗೆ ಸಿಕ್ಕಿ ಸೋತಿದ್ದರು. ಅವಳು ತೋಪುಗಳನ್ನು ಮೂರು ಪಾಲು ಮಾಡಿದಳು. ಪ್ರತಿ ಸುತ್ತಿಗೂ ಒಂದು ಪಾಲು. ರಾಯರಾಗಿದ್ದ ಬ್ಯಾಂಕ್ ನೌಕರರು ಬೆವರಿ, ಉಂಗುರ ಮೇಜಿಗಿಟ್ಟು, ರಾಯರನ್ನೇ ಮುಂದೆ ನುಗ್ಗಿಸಿದರು. ದಾಳ ಐದು. ರಾಯರು ಬಿದ್ದರು. ಹಿಂದೆ ನಿಂತವರಲ್ಲಿ ಗದ್ದಲ: "ಏ, ರಾಯರು ಹ್ಯಾಂಗ ಸೋಲ್ತಾರ?" ನಿಯಮ ತಿದ್ದಿಬಿಡೋಣ ಅಂತ ನಮ್ಮವನೊಬ್ಬ ಕಿವಿಯಲ್ಲಿ ಹೇಳಿದ. ನಾನು ಒಪ್ಪಲಿಲ್ಲ. ಅವಳು ಮಾಡಿದ್ದನ್ನು ಆದಿಲ್ ಶಾನೂ ಮಾಡಬಹುದಿತ್ತು. ಮಾಡಲಿಲ್ಲ, ಅಷ್ಟೇ.

ಚಿಕ್ಕ ಮಕ್ಕಳಿಗೆ ಮೂಲೆಯಲ್ಲಿ ತಗ್ಗಾದ ಇನ್ನೊಂದು ಮೇಜು. ಕೋಟೆ ಮುತ್ತಿಗೆ ಹೊತ್ತಿನಲ್ಲಿ ಗೋಡೆಯ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರಂತೆ, ಇದೂ ನೂನಿಜ್ ಬರೆದದ್ದೇ. ಜಲ್ಲಿ ಕಲ್ಲು ಪೇರಿಸಿ ಗೋಡೆ ಮಾಡಿದೆವು. ದಾಳದಲ್ಲಿ ಐದು, ಆರು ಬಿದ್ದರೆ ಒಂದು ಕಲ್ಲು ಕೀಳಬಹುದು. ಸಣ್ಣ ಕಲ್ಲಿಗೆ ಒಂದು ಪೆಪ್ಪರ್‌ಮೆಂಟ್, ದೊಡ್ಡದಕ್ಕೆ ಮೂರು. ಹನ್ನೊಂದಕ್ಕೆಲ್ಲ ಖಜಾನೆ ಖಾಲಿ. ಬಣ್ಣ ಹಚ್ಚುವ ಮೇಜೂ ಇಟ್ಟಿದ್ದೆವು, ಅದನ್ನು ನೋಡಿಕೊಳ್ಳೋಕೆ ಜನ ಸಾಲದೆ ಅರ್ಧಕ್ಕೇ ಮುಚ್ಚಿದೆವು.

ಹನ್ನೆರಡರ ಹೊತ್ತಿಗೆ ಶಕ್ತಿನಗರ ಕಡೆಯ ಒಬ್ಬ ಅಜ್ಜ ಬಂದರು. ಆಡಲಿಲ್ಲ. ಬಹಳ ಹೊತ್ತು ಮೇಜನ್ನೇ ನೋಡಿದರು. ನಾವು ಕೃಷ್ಣಾ ನದಿಗೆ ಒಳ್ಳೆ ನೀಲಿ ಬಣ್ಣ ಬಳಿದು, ಮೇಲೆ ಹೊಳಪಿನ ವಾರ್ನಿಶ್ ಕೊಟ್ಟಿದ್ದೆವು. ಕೋಟೆಯಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರ್, ನಮ್ಮ ಮೇಜಿನ ಮೇಲೆ ಎರಡೂವರೆ ಅಡಿ.

"ಯಾವ ತಿಂಗಳಂದ್ರಿ?"

"ಮೇ, ಅಜ್ಜಾ."

"ಮೇ ತಿಂಗಳಾಗ ಕೃಷ್ಣಿ ನೀಲಿ ಇರ್ತಾಳೇನು? ಬರೇ ಬಂಡಿಗಲ್ಲು, ಉಸುಕು. ನಡುವ ನಡುವ ಮಡು."

ಓಡಿದ ಆದಿಲ್ ಶಾನ ಸೈನಿಕರು ಹೊಳೆಯಲ್ಲಿ ಮುಳುಗಿ ಸತ್ತರು ಅಂತ ಬರೆದಿದ್ದಾರಲ್ಲ ಅಂದೆ. ಆಗ ಆಲಮಟ್ಟಿ, ನಾರಾಯಣಪುರ ಅಣೆಕಟ್ಟು ಇರಲಿಲ್ಲ, ನೀರು ಜಾಸ್ತಿ ಇದ್ದಿರಬಹುದು ಅಂತ ಇನ್ನೊಬ್ಬರು ಸೇರಿಕೊಂಡರು. ಅಜ್ಜ ಕೇಳಲಿಲ್ಲ. "ಮಡುವಿನಾಗ ಸಾಯ್ತಾರಪ್ಪ. ಹೊಳಿ ತುಂಬಾ ನೀರ ಬೇಕೇನು ಸಾಯಾಕ?" ಅಂದರು. ಈ ವಾದ ಒಂದು ಗಂಟೆಯ ನಂತರವೂ ನಡೆದಿತ್ತು. ಆಟ ಆಡುವವರಿಗಿಂತ ಅಲ್ಲೇ ಜಾಸ್ತಿ ಜನ ನಿಂತಿದ್ದರು.

ಬಂದವರು ಎಂಬತ್ತರ ಹತ್ತಿರ. ಮುಂದಿನ ತಿಂಗಳ ಆಟಕ್ಕೆ ಮತ್ತೆ ಬಂದವರು ಐದು ಜನ, ಆ ಹುಡುಗಿ ಮತ್ತು ಅವಳ ಅಪ್ಪ ಸೇರಿ. ಅಷ್ಟರಲ್ಲಿ ನಾನು ನದಿಯ ನೀಲಿ ಕೆರೆದು, ಉಸುಕು ಅಂಟಿಸಿ, ಜಲ್ಲಿ ಚೂರು ಕೂರಿಸಿ, ನಾಲ್ಕು ಕಡೆ ಮಾತ್ರ ಹಸಿರು ಮಿಶ್ರಿತ ಕಂದು ಬಣ್ಣದ ಮಡು ಮಾಡಿದ್ದೆ. ಮಡುವಿಗೆ ಬಿದ್ದ ತುಕಡಿ ಮುಳುಗುತ್ತದೆ, ಉಸುಕಿನ ಮೇಲೆ ಓಡಿದ್ದು ಬದುಕುತ್ತದೆ. ಅಜ್ಜನಿಗೆ ಫೋಟೋ ಕಳಿಸಿದೆ. ಸಂಜೆ ಅವರ ಮೊಮ್ಮಗ ಫೋನ್ ಮಾಡಿದ: "ಅಜ್ಜ ಹೇಳ್ಯಾರ, ಹೊಳಿ ದಂಡಿಗೆ ಜಾಲಿ ಗಿಡ ಹಚ್ರಿ ಅಂತ."