ಬೇರಿಯಾಟ್ರಿಕ್ ಪೇಷಂಟುಗಳ ಮಳೆಡಬ್ಬಿ: ಮುಂಬಯಿ ನೆರೆಯಲ್ಲಿ ಕೈಹಿಡಿದ ವಿಧಾನ

2025ರ ಆಗಸ್ಟ್ 18 ಮತ್ತು 19ರ ಮಳೆ ಮುಂಬಯಿಯವರಿಗೆ ನೆನಪಿರುತ್ತದೆ. ಮೈಸೂರು ಕಾಲೊನಿ ಮತ್ತು ಭಕ್ತಿ ಪಾರ್ಕ್ ನಡುವೆ ಮೋನೊರೈಲು ನೂರಾರು ಜನರ ಸಮೇತ ನಿಂತುಬಿಟ್ಟಿತು. ಮೀಠಿ ನದಿ ಉಕ್ಕಿ ಕುರ್ಲಾದ ಕ್ರಾಂತಿನಗರದವರನ್ನು ಮನೆ ಬಿಡಿಸಿದರು. ಆಗ ನನ್ನ ಪಟ್ಟಿಯಲ್ಲಿ ತೂಕ ಇಳಿಸುವ (ಬೇರಿಯಾಟ್ರಿಕ್) ಆಪರೇಷನ್ ಆಗಿ ತಿಂಗಳೂ ತುಂಬದವರು ಇಪ್ಪತ್ತರ ಮೇಲಿದ್ದರು. ಹೆಚ್ಚಿನವರು ಸ್ಲೀವ್ (ಹೊಟ್ಟೆಯ ಬಹುಭಾಗ ಕತ್ತರಿಸಿ ಸಪೂರ ಕೊಳವೆಯಷ್ಟು ಉಳಿಸುವುದು), ಐದಾರು ಮಂದಿ ಬೈಪಾಸ್ (ಹೊಟ್ಟೆಯನ್ನು ಪುಟ್ಟ ಚೀಲ ಮಾಡಿ ಕರುಳಿಗೆ ಜೋಡಿಸುವುದು). ಒಬ್ಬರನ್ನು ಬಿಟ್ಟು ಯಾರೂ ಭರ್ತಿಯಾಗಬೇಕಾಗಲಿಲ್ಲ. ಆ ಒಬ್ಬರನ್ನೂ ನಾವೇ ಹೊತ್ತು ನೋಡಿ ಕರೆಸಿಕೊಂಡೆವು. ನೆರೆಯಲ್ಲಿ ನಾಲ್ಕೈದು ದಿನ ಮನೆಯಲ್ಲೇ ಸಾಗಲೆಂದು ಪ್ರೋಟೀನ್ ಪುಡಿ, ಔಷಧ ತುಂಬಿ ನಾವು ಕೊಡುವ ಮಳೆಡಬ್ಬಿಯನ್ನು ವರ್ಷಗಟ್ಟಲೆ ‘ದಂಡದ ಖರ್ಚು’ ಅನ್ನುತ್ತಿದ್ದ ಸರ್ಜನ್ನರೇ ಈಗ ಡಿಸ್ಚಾರ್ಜ್ ಕಾಗದದಲ್ಲಿ ‘ಮಳೆಡಬ್ಬಿ ಕೊಟ್ಟಾಯಿತೇ’ ಎಂದು ಒಂದು ಸಾಲು ಸೇರಿಸಿದ್ದಾರೆ. ಇದನ್ನು ಬರೆಯುವ ಧೈರ್ಯ ಬಂದದ್ದು ಆ ಸಾಲಿನಿಂದ.

ನಾನು ಡಯಟಿಷಿಯನ್. ಊರು ಉಡುಪಿ ಕಡೆ, ಇಲ್ಲಿಗೆ ಬಂದು ಎರಡು ದಶಕದ ಹತ್ತಿರ. ಓದುವವರು ಇದೇ ಕೆಲಸದಲ್ಲಿರುವ ನರ್ಸುಗಳು, ಡಯಟಿಷಿಯನ್ನರು, ಕೋಆರ್ಡಿನೇಟರುಗಳು ಎಂದುಕೊಂಡು ಬರೆಯುತ್ತಿದ್ದೇನೆ. ಆಪರೇಷನ್ನಿನ ಹೆಚ್ಚಿನ ವಿವರಕ್ಕೆ ಹೋಗುವುದಿಲ್ಲ.

ನೆರೆ ಬಂದಾಗ ನಮ್ಮವರಿಗೆ ಆಗುವ ತೊಂದರೆಯೇ ಬೇರೆ. ಶಾಲೆಯಲ್ಲೋ ಹಾಲ್‌ನಲ್ಲೋ ಕೂರಿಸಿ ಕೊಡುವುದು ವಡಾಪಾವ್, ಖಿಚಡಿ, ಗ್ಲೂಕೋಸ್ ಬಿಸ್ಕತ್ತು, ಪಾಕದಂಥ ಚಹಾ. ಬೈಪಾಸ್ ಆದವರು ಆ ಚಹಾ ಕುಡಿದರೆ ಅರ್ಧ ಗಂಟೆಯೊಳಗೆ ಬೆವರಿ, ಎದೆ ಹೊಡೆದುಕೊಂಡು, ಭೇದಿಗೆ ಓಡುತ್ತಾರೆ. ಸ್ಲೀವ್ ಆಗಿ ಹತ್ತು ದಿನದವರು ಖಿಚಡಿ ತಿಂದರೆ ವಾಂತಿ. ಬಾಯಾರಿತು ಅಂತ ಗಟಗಟ ನೀರು ಕುಡಿದು ಸರಿಮಾಡಿಕೊಳ್ಳೋಣವೆಂದರೆ ಹೊಟ್ಟೆಯಲ್ಲಿ ಜಾಗವಿಲ್ಲ. ಕೊರತೆ ಬಿದ್ದ ನೀರನ್ನು ಅವರು ಒಂದು ಸಂಜೆಯಲ್ಲಿ ತುಂಬಿಕೊಳ್ಳಲಾರರು. ಮೈಕೈ ನೋವೆಂದರೆ ಕ್ಯಾಂಪಿನ ಮೇಜಿನಿಂದ ಡೈಕ್ಲೊಫೆನಾಕ್ ಕೈಗೆ ಬರುತ್ತದೆ, ಬೈಪಾಸಿನ ಜೋಡಣೆಯ ಜಾಗದಲ್ಲಿ ಹುಣ್ಣಾಗಲು ಅದು ಸಾಕು. ಇವೆಲ್ಲ ಕೊಡುವವರ ತಪ್ಪಲ್ಲ. ಎದುರಿಗಿದ್ದವರ ಹೊಟ್ಟೆ ಕೈಬೆರಳಿನಷ್ಟು ಸಪೂರ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

2017ರ ಆಗಸ್ಟ್ 29ರವರೆಗೆ ನಮ್ಮ ಸಲಹೆ ಒಂದೇ ಇತ್ತು: ‘ತೊಂದರೆ ಆದರೆ ತಕ್ಷಣ ಬನ್ನಿ.’ ಆ ದಿನದ ನೆರೆಯಲ್ಲಿ ಮನೆಗೆ ನಡೆದು ಹೊರಟಿದ್ದ, ಇಡೀ ಮುಂಬಯಿಗೆ ಹೆಸರಾದ ಹಿರಿಯ ಗ್ಯಾಸ್ಟ್ರೋ ಡಾಕ್ಟರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಅಂಥವರಿಗೇ ಹಾಗಾದರೆ, ಹೊಲಿಗೆ ಹಸಿ ಇರುವ ನೂರಿಪ್ಪತ್ತು ಕಿಲೋದ ಪೇಷಂಟಿಗೆ ಸೊಂಟಮಟ್ಟದ ನೀರಿನಲ್ಲಿ ನಡೆದು ಬಾ ಎನ್ನುವುದು ಯಾವ ನ್ಯಾಯ? ಅಂದಿನಿಂದ ನನ್ನ ನಿಯಮ ತಿರುಗಿತು. ನಾಲ್ಕೈದು ದಿನ ಮನೆಯಲ್ಲೇ ಸಾಗುವಷ್ಟು ಸಾಮಾನು ಮನೆಯಲ್ಲಿರಬೇಕು. ಬರಲೇಬೇಕಾದವರು ಯಾರೆಂದು ಫೋನಿನಲ್ಲೇ ಗೊತ್ತಾಗಬೇಕು.

ಮೊದಲ ಡಬ್ಬಿ ಪೂರ್ತಿ ಸೋತಿತು. ದೊಡ್ಡ ಟಿನ್ ಪ್ರೋಟೀನ್ ಪುಡಿ, ವಿಟಮಿನ್ ಬಾಟಲಿ, ಪವರ್‌ಬ್ಯಾಂಕ್ ಸೇರಿಸಿ ಒಂದಕ್ಕೆ ಎರಡೂಮುಕ್ಕಾಲು ಸಾವಿರದ ಹತ್ತಿರ ಬಿತ್ತು. ಲೆಕ್ಕದ ವಿಭಾಗದವರು ಕಾಗದ ತಿರುಗಿಸಿ ಕಳಿಸಿದರು. ನಾನೂ ಇಬ್ಬರು ನರ್ಸುಗಳೂ ಕೈಯಿಂದ ಹಾಕಿ ಹದಿನೈದೋ ಇಪ್ಪತ್ತೋ ಮಾಡಿಸಿದೆವು, ಆ ದುಡ್ಡು ಇವತ್ತಿಗೂ ವಾಪಸು ಬಂದಿಲ್ಲ. ಪುಡಿಯನ್ನು ಮನೆಯ ಹುಡುಗರು ಜಿಮ್ಮಿಗೆ ಒಯ್ದರು. ಪವರ್‌ಬ್ಯಾಂಕ್ ಮೊದಲ ವಾರವೇ ಯಾರದೋ ಆಫೀಸು ಸೇರಿತು. ಉಳಿದ ಪುಡಿಗೆ ಜುಲೈ ತಿಂಗಳ ತೇವ ತಾಗಿ ಗಾರೆಯಾಯಿತು.

ಆಮೇಲೆ ಪುಡಿಯ ಹಿಂದೆಯೇ ಒಂದು ಮಳೆಗಾಲ ಕಳೆದೆ. ಜಿಪ್ ಚೀಲ, ಸ್ಟೀಲ್ ಡಬ್ಬಿ, ಸಿಲಿಕಾ ಜೆಲ್ ಹಾಕಿದ ಬರಣಿ, ಮೂರನ್ನೂ ಡೊಂಬಿವ್ಲಿಯ ನಮ್ಮ ಅಡುಗೆಮನೆ ಕಿಟಕಿಯ ಬಳಿ ಇಟ್ಟು ನೋಡಿದೆ. ಜಿಪ್ ಚೀಲ ವಾರದಲ್ಲಿ ಸೋತಿತು. ಸ್ಟೀಲ್ ಡಬ್ಬಿ ಪದೇಪದೇ ಮುಚ್ಚಳ ತೆಗೆದರೆ ಅಷ್ಟೇ ಕೆಟ್ಟದು. ಕೊನೆಗೆ ಒಂದೊಂದು ಹೊತ್ತಿನ ಪುಡಿಯನ್ನು ಬೇರೆ ಬೇರೆ ಪೊಟ್ಟಣ ಮಾಡಿ, ಕೈಯಲ್ಲಿ ಒತ್ತುವ ಸೀಲರಿನಿಂದ ಬಾಯಿ ಮುಚ್ಚಿ, ಅಗಲ ಬಾಯಿಯ ತಿರುಪು ಮುಚ್ಚಳದ ಬರಣಿಗೆ ಹಾಕಿದ್ದು ನಿಂತಿತು. ಸೀಲರಿಗೆ ಸಾವಿರದೈನೂರೋ ಏನೋ ಕೊಟ್ಟ ನೆನಪು. ಪೊಟ್ಟಣದ ಮೇಲೆ ಪೇಷಂಟಿನ ಹೆಸರು, ದಿನ, ಹೊತ್ತು ಬರೆದ ಮೇಲೆ ಹುಡುಗರು ಮುಟ್ಟುವುದೂ ನಿಂತಿತು. ಔಷಧದಂತೆ ಕಂಡರೆ ಯಾರೂ ತಿನ್ನುವುದಿಲ್ಲ.

ಈಗಿನ ಡಬ್ಬಿ ಸಾವಿರದ ನೂರರಿಂದ ಸಾವಿರದ ಮುನ್ನೂರರೊಳಗೆ ಮುಗಿಯುತ್ತದೆ. ಆರು ದಿನದ ಪುಡಿ, ಒಂದು ಲೀಟರಿಗೆ ಕಲೆಸುವ ಓಆರ್‌ಎಸ್ ಪೊಟ್ಟಣಗಳು (ರೆಡಿ ಸಿಗುವ ಸಿಹಿ ಡಬ್ಬಿಗಳು ಬೇಡವೇ ಬೇಡ), ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ, ಪ್ಯಾರಾಸಿಟಮಾಲ್ ಸಿರಪ್, ವಾಂತಿಗೆ ಬಾಯಲ್ಲೇ ಕರಗುವ ಒಂಡಾನ್ಸೆಟ್ರಾನ್, ಚೀಪುವ ಮಲ್ಟಿವಿಟಮಿನ್, ಹೊಟ್ಟೆಯ ಆಸಿಡ್ ತಗ್ಗಿಸುವ ಕ್ಯಾಪ್ಸೂಲ್, ಥಯಮಿನ್ (ವಿಟಮಿನ್ ಬಿ1) 100 ಮಿಲಿಗ್ರಾಂ. ಲೆಪ್ಟೊ (ಇಲಿಜ್ವರ) ಭಯಕ್ಕೆ ಡಾಕ್ಸಿಸೈಕ್ಲಿನ್ 100ರ ಎರಡು, ಆದರೆ ಅದರ ಮೇಲೆ ಕೆಂಪು ಚೀಟಿ: ಫೋನ್ ಮಾಡದೆ ನುಂಗಬಾರದು. ಕೊಳೆ ನೀರಿಗಿಳಿದು 72 ಗಂಟೆಯೊಳಗೆ ತೆಗೆದುಕೊಳ್ಳಿ ಎಂದು ಪಾಲಿಕೆ ಸಾರುತ್ತದೆ, ಸರಿಯೇ. ಆದರೆ ನಮ್ಮವರು ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳಕ್ಕೆ ಅಂಟಿ ಸುಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಜೊತೆ ಹೋದರೆ ಮೈಗೆ ಹತ್ತುವುದೂ ಇಲ್ಲ. ಕುಳಿತು, ಗುಟುಕು ಗುಟುಕಾಗಿ ನೀರು ಕುಡಿಯುತ್ತ, ಉಳಿದ ಮಾತ್ರೆಗಳಿಂದ ಎರಡು ಮೂರು ಗಂಟೆ ದೂರ ಇಟ್ಟು ತೆಗೆದುಕೊಳ್ಳಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಇನ್ನೂ ಬಾಕಿ ಇದ್ದವರಿಗೆ ಅದನ್ನು ಎಣಿಸಿ ಮೊದಲೇ ಕೊಡುತ್ತೇವೆ, ಅದರ ದುಡ್ಡು ಬೇರೆ. ಡಿಸ್ಚಾರ್ಜ್ ದಿನ ಹಳೆಯ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಯವರಿಂದ ಕೇಳಿ ವಾಪಸು ಪಡೆಯುತ್ತೇನೆ. ಊಟವೇ ಇಲ್ಲದ ದಿನ ಅಭ್ಯಾಸಬಲದಿಂದ ಗ್ಲಿಮೆಪಿರೈಡ್ ಕೊಟ್ಟುಬಿಟ್ಟರೆ ಸಕ್ಕರೆ ನೆಲ ಕಚ್ಚುತ್ತದೆ.

ಥಯಮಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2021ರ ಜುಲೈ 22ರಂದು ಕೊಂಕಣದ ಚಿಪ್ಳೂಣದಲ್ಲಿ ವಾಶಿಷ್ಠಿ ನದಿ ಉಕ್ಕಿತಲ್ಲ, ಆಗ ಅಲ್ಲಿ ನಮ್ಮ ಬೈಪಾಸ್ ಪೇಷಂಟ್ ಒಬ್ಬರು ಮಹಡಿಯ ಮೇಲೆ ಸಿಕ್ಕಿಕೊಂಡಿದ್ದರು. ಡಬ್ಬಿ ಇತ್ತು, ಆದರೆ ಕೆಳಗಿನ ಅಡುಗೆಮನೆ ಕಪಾಟಿನಲ್ಲಿ. ನೀರು ಅದನ್ನೂ ಫೈಲನ್ನೂ ಒಟ್ಟಿಗೇ ಒಯ್ದಿತು. ಅವರಿಗೆ ಮುಂಚಿನಿಂದಲೇ ವಾಂತಿ. ಥಯಮಿನ್ ಮೈಯಲ್ಲಿ ಎರಡು ಮೂರು ವಾರಕ್ಕಿಂತ ಹೆಚ್ಚು ಉಳಿಯುವುದಿಲ್ಲ. ದಾರಿ ತೆರೆದು ಇಲ್ಲಿಗೆ ಬರುವಷ್ಟರಲ್ಲಿ ಕಾಲು ಜೋಮು, ನಡಿಗೆ ಓಲಾಟ, ಕಣ್ಣುಗುಡ್ಡೆ ಅದುರುತ್ತಿತ್ತು. ನಡುವೆ ಎಲ್ಲೋ ಒಳ್ಳೆಯ ಮನಸ್ಸಿನಿಂದಲೇ ಡೆಕ್ಸ್‌ಟ್ರೋಸ್ ಸಲೈನ್ ಏರಿಸಿದ್ದರು, ಥಯಮಿನ್ ಇಲ್ಲದೆ. ಸಕ್ಕರೆ ಹೋದರೆ ಉಳಿದಿದ್ದ ಚೂರು ಥಯಮಿನ್ನೂ ಖರ್ಚಾಗುತ್ತದೆ. ಅವರು ಮತ್ತೆ ನೆಟ್ಟಗೆ ನಡೆಯಲು ತಿಂಗಳುಗಳೇ ಹಿಡಿದವು.

ಆ ಕೇಸಿನಿಂದ ಎರಡು ಬದಲಾವಣೆ ಬಂತು. ಒಂದು, ಡಬ್ಬಿ ಅಟ್ಟದಲ್ಲೇ ಇರಬೇಕು, ಅಟ್ಟದ ಫೋಟೋ ನನಗೆ ಬರಬೇಕು, ಬರುವವರೆಗೆ ನಾನು ಬಿಡುವುದಿಲ್ಲ. ಎರಡು, ಕ್ಯಾಶುಯಲ್ಟಿ ಡಾಕ್ಟರಿಗೆ ತೋರಿಸುವ ಚೀಟಿ ಫೈಲಿನಲ್ಲಿ ಇರುವಂತಿಲ್ಲ. ಆಪರೇಷನ್ ಯಾವುದು, ಯಾವ ದಿನ, ಗ್ಲೂಕೋಸಿಗಿಂತ ಮೊದಲು ಥಯಮಿನ್, ಮೂಗಿನ ನಳಿಗೆ ಕುರುಡಾಗಿ ಹಾಕಬಾರದು, ನೋವಿಗೆ ಡೈಕ್ಲೊಫೆನಾಕ್ ಬೇಡ, ನಮ್ಮ ನಂಬರು: ಇಷ್ಟನ್ನು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಒಂದೇ ಚಿತ್ರ ಮಾಡಿ, ಪೇಷಂಟಿನ ಮತ್ತು ಮನೆಯ ಇನ್ನೊಬ್ಬರ ಮೊಬೈಲ್ ಲಾಕ್‌ಸ್ಕ್ರೀನಿಗೆ ಹಾಕಿ ಕಳಿಸುತ್ತೇವೆ. ಇದಕ್ಕೆ ನಯಾಪೈಸೆ ಖರ್ಚಿಲ್ಲ. ಇಡೀ ವಿಧಾನದಲ್ಲಿ ನನಗೆ ಅತಿ ಹೆಮ್ಮೆಯ ಭಾಗ ಇದೇ.

ಇನ್ನು ಉಬ್ಬರದ ವಿಷಯ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರ್ ಮೀರುವ ಉಬ್ಬರದ ದಿನಗಳ ಪಟ್ಟಿಯನ್ನು ಪಾಲಿಕೆ ಮೊದಲೇ ಕೊಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಹೆಚ್ಚಾಗಿ ನಡುಮಧ್ಯಾಹ್ನದ ಹೊತ್ತು. ಆಗ ದೊಡ್ಡ ಮಳೆಯೂ ಸೇರಿದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ಹಿಂದಮಾತಾ, ಗಾಂಧಿ ಮಾರ್ಕೆಟ್‌ನಂಥ ತಗ್ಗು ಜಾಗಗಳೆಲ್ಲ ತುಂಬುತ್ತವೆ. ಹೊಟ್ಟೆಯ ಹೊಲಿಗೆಯಿಂದ ಸೋರಿಕೆಯ ಭಯ ಹೆಚ್ಚಿರುವುದು ಮೊದಲ ಹತ್ತು ದಿನ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ, ತುರ್ತಿಲ್ಲದ ಕೇಸುಗಳ ಮನೆಗೆ ಹೋದ ಮೊದಲ ವಾರ ಆ ದಿನಗಳ ಮೇಲೆ ಬೀಳದಂತೆ ತಾರೀಖು ಹಾಕೋಣ ಎಂದೆ. ‘ಪಂಚಾಂಗ ನೋಡಿ ಹೊಟ್ಟೆ ಕೊಯ್ಯಬೇಕೇನಮ್ಮಾ?’ ಎಂದು ಸರ್ಜನ್ನರೊಬ್ಬರು ಮೀಟಿಂಗಿನಲ್ಲೇ ಕೇಳಿದರು. ಮೀನು ಹಿಡಿಯುವವರು ಸಮುದ್ರ ನೋಡಿ ದೋಣಿ ಇಳಿಸುತ್ತಾರೆ ಸರ್, ನಾವು ಪೇಷಂಟನ್ನು ಕಳಿಸುವಾಗ ನೋಡಬಾರದೇ ಎಂದೆ. ತಗ್ಗಿನಲ್ಲಿ ಮನೆ ಇದ್ದವರಿಗೆ ಮಾತ್ರ ಎಂದು ಒಪ್ಪಿದರು. ಇದೊಂದರಿಂದ ಎಲ್ಲ ಆಗುವುದಿಲ್ಲ. 2025ರ ಆಗಸ್ಟ್ 19ಕ್ಕೆ ಅಮಾವಾಸ್ಯೆ ಇನ್ನೂ ನಾಲ್ಕು ದಿನ ದೂರವಿತ್ತು, ಆದರೂ ಊರು ಮುಳುಗಿತು. ಕ್ಯಾಲೆಂಡರ್ ಅಪಾಯ ತಗ್ಗಿಸುತ್ತದೆ, ಹೊಟ್ಟೆ ನೋಡಿಕೊಳ್ಳುವುದು ಡಬ್ಬಿಯೇ.

ನೆರೆಯ ದಿನಗಳಲ್ಲಿ ನನ್ನ ಲೆಕ್ಕ ತೀರ ಸರಳ. ಪ್ರೋಟೀನ್ ದಿನಕ್ಕೆ 60 ಗ್ರಾಂ ಮುಟ್ಟದಿದ್ದರೆ ನಾಲ್ಕು ದಿನ ನಾನು ಜಗಳ ಆಡುವುದಿಲ್ಲ. ನೀರಿನಲ್ಲಿ ಮಾತ್ರ ರಾಜಿಯಿಲ್ಲ. ಡಬ್ಬಿಯಲ್ಲಿ ಸಿರಪ್ಪಿನ 30 ಮಿಲಿ ಅಳತೆ ಕಪ್ ಇರುತ್ತದೆ. ಹದಿನೈದು ನಿಮಿಷಕ್ಕೊಂದು ಕಪ್, ಗಂಟೆಗೆ 120 ಮಿಲಿ, ಎಚ್ಚರವಿರುವ ಹನ್ನೆರಡು ಗಂಟೆಯಲ್ಲಿ ಒಂದೂವರೆ ಲೀಟರಿನ ಹತ್ತಿರ. ಕುರ್ಲಾದ ಒಬ್ಬ ಹೆಂಗಸು, ವಿಜಯಪುರದ ಕಡೆಯವರು, ಸ್ಲೀವ್ ಆಗಿ ಒಂಬತ್ತೋ ಹತ್ತೋ ದಿನ, ಶಾಲೆಯ ಬೆಂಚಿನ ಮೇಲೆ ಕುಳಿತು ಗೋಡೆಗೆ ಸೀಮೆಸುಣ್ಣದಿಂದ ಒಂದೊಂದು ಕಪ್ಪಿಗೆ ಒಂದೊಂದು ಗೆರೆ ಎಳೆದಿದ್ದರು. ನಾಲ್ಕು ನಿಂತ ಗೆರೆ, ಮೇಲೊಂದು ಅಡ್ಡಗೆರೆ. ಫೋಟೋ ಕಳಿಸಿ ‘ಅಕ್ಕಾರ, ಇವತ್ತ ಇಷ್ಟ ಆತ್ರಿ, ಇನ್ನೂ ಕುಡೀಲೇನ್ರಿ?’ ಎಂದು ಕೇಳಿದರು. ಎಣಿಸಿದೆ, ನಲವತ್ತರ ಮೇಲಿತ್ತು. ಈಗ ಡಬ್ಬಿಗೆ ಒಂದು ಸೀಮೆಸುಣ್ಣವನ್ನೂ ಹಾಕುತ್ತೇನೆ.

ಪುಡಿ ಮುಗಿದರೆ ಏನು ಎಂಬುದಕ್ಕೆ ಉತ್ತರ ಉಡುಪಿ ಹೋಟೆಲು. ಮುಂಬಯಿಯಲ್ಲಿ ಅವಿಲ್ಲದ ಗಲ್ಲಿ ಕಡಿಮೆ, ನೆರೆಯಲ್ಲೂ ಗ್ಯಾಸ್ ಇರುವವರೆಗೆ ಒಲೆ ಆರುವುದಿಲ್ಲ. ಸಾಯನ್, ಕುರ್ಲಾ, ಕಲ್ವಾ ಕಡೆ ಐದಾರು ಶೆಟ್ರುಗಳ ಹತ್ತಿರ ಮೊದಲೇ ಮಾತಾಡಿಟ್ಟಿದ್ದೇನೆ. ಒಗ್ಗರಣೆ, ಖಾರ, ಸಕ್ಕರೆ ಇಲ್ಲದ ಬೇಳೆಕಟ್ಟು, ನೀರು ಮಜ್ಜಿಗೆ, ಗಂಜಿ ತಿಳಿ. ಬೇಳೆಕಟ್ಟು ಬರೀ ಸೋಸಿದ ನೀರಾದರೆ ಪ್ರೋಟೀನ್ ಏನೂ ಇರುವುದಿಲ್ಲ, ಆದ್ದರಿಂದ ಅದಕ್ಕೆ ಕೆನೆರಹಿತ ಹಾಲಿನ ಪುಡಿ ಸೇರಿಸಬೇಕು. ಬಿಸಿಗೆ ಹಾಕಿದರೆ ಗಂಟು, ತಣ್ಣಗಾದ ಮೇಲೆ ಹಾಕಿದರೆ ಹಸಿ ವಾಸನೆ. ಎರಡೂ ಆಗದ ಒಂದು ಹದ ಇದೆ, ಶೆಟ್ರ ಅಡುಗೆಯವರಿಗೂ ನನಗೂ ಮಾತ್ರ ಗೊತ್ತು, ಸದ್ಯಕ್ಕೆ ಅಲ್ಲೇ ಇರಲಿ. ದುಡ್ಡು ಕೊಡಲು ಹೋದರೆ ಹೆಚ್ಚಿನವರು ತೆಗೆದುಕೊಳ್ಳಲಿಲ್ಲ. ಹುರಿಗಡಲೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲೆಸುವ ಪ್ರಯೋಗವನ್ನೂ ಮಾಡಿದೆ. ಪುಡಿಗಿಂತ ಎಷ್ಟೋ ಅಗ್ಗ, ತಿಂಗಳು ಕಳೆದವರಿಗೆ ಚೆನ್ನಾಗಿ ಒಗ್ಗಿತು. ಮೊದಲ ಹದಿನೈದು ದಿನದವರಿಗೆ ಹೊಟ್ಟೆ ಉಬ್ಬರಿಸಿ ಕೈಬಿಟ್ಟೆ. ಸೋಯಾ ಹಿಟ್ಟಿನ ವಾಸನೆಗೆ ಯಾರೂ ಎರಡನೇ ಗುಟುಕು ಕುಡಿಯಲಿಲ್ಲ.

ಫೋನ್ ಬೆಳಿಗ್ಗೆ ಒಂದು, ಸಂಜೆ ಒಂದು. ನೆಟ್‌ವರ್ಕ್ ದುರ್ಬಲವಾಗಿ ಮಾತಾಡಲಾಗದಿದ್ದರೆ ಎಸ್ಸೆಮ್ಮೆಸ್ಸಿನಲ್ಲಿ ಮೂರು ಅಂಕಿ ಸಾಕು: ನಾಡಿ, ಕಪ್ಪುಗಳು, ಮೂತ್ರಕ್ಕೆ ಹೋದ ಸಲ. ನಾಡಿಯನ್ನು ಐದು ನಿಮಿಷ ಸುಮ್ಮನೆ ಕುಳಿತು, ಪೂರ್ತಿ ಒಂದು ನಿಮಿಷ ಎಣಿಸಬೇಕು. ಡಿಸ್ಚಾರ್ಜಿಗೆ ಮೊದಲು ನನ್ನೆದುರು ಎಣಿಸಿ ತೋರಿಸಿದವರಿಗೇ ಮನೆ. ವಾಂತಿಯ ವಿಷಯದಲ್ಲಿ ಮಾತ್ರ ಎಲ್ಲರೂ ಮುಚ್ಚಿಡುತ್ತಾರೆ. ತಿನ್ನಬಾರದ್ದು ತಿಂದೆ ಎಂದು ಬೈಸಿಕೊಳ್ಳುವ ಭಯ. ಅದನ್ನು ಹೊರಡಿಸಲು ನನ್ನ ಬಳಿ ಒಂದು ಪ್ರಶ್ನೆ ಇದೆ. ಇಲ್ಲಿ ಬರೆದರೆ ನಾಳೆ ಪೇಷಂಟುಗಳೂ ಓದಿ ಉತ್ತರ ಸಿದ್ಧಮಾಡಿಕೊಳ್ಳುತ್ತಾರೆ, ಹಾಗಾಗಿ ಬಿಟ್ಟಿದ್ದೇನೆ.

ಭರ್ತಿಯಾದ ಆ ಒಬ್ಬರು ಸಿಕ್ಕಿದ್ದು ಇದೇ ಅಂಕಿಗಳಿಂದ. ಕಲ್ವಾದ ಶಿಕ್ಷಕರು, ಆಪರೇಷನ್ ಆಗಿ ವಾರ. ಬೆಳಿಗ್ಗೆ ನಾಡಿ ನೂರರ ಆಚೆ, ಸಂಜೆ 120 ದಾಟಿತು. ಕಪ್ಪುಗಳು ಸರಿ ಇದ್ದವು, ಮೂತ್ರವೂ ಸರಿ, ಅಂದರೆ ನೀರಿನ ಕೊರತೆಯಲ್ಲ. ‘ಎಡಭುಜ ಸ್ವಲ್ಪ ಹಿಡಿದಂತಿದೆ ಮೇಡಂ, ಮಲಗಿದ್ದು ಸರಿಯಾಗಲಿಲ್ಲವೇನೋ’ ಎಂದರು. ಓಡುವ ನಾಡಿಯ ಜೊತೆ ಎಡಭುಜದ ನೋವೆಂದರೆ ಸೋರಿಕೆಯ ಗುಮಾನಿ, ನನಗೆ ಅಷ್ಟು ಸಾಕಾಯಿತು. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ರಸ್ತೆಯಲ್ಲಿ ಕರೆತಂದರು. ಸಿಟಿಯಲ್ಲಿ ಹೊಲಿಗೆಯ ಮೇಲ್ತುದಿಯಲ್ಲಿ ಸಣ್ಣ ಸೋರಿಕೆ ಕಂಡಿತು. ನಳಿಗೆ ಹಾಕಿ ಕೀವು ಇಳಿಸಿದರು, ಮತ್ತೆ ಹೊಟ್ಟೆ ತೆರೆಯಬೇಕಾಗಲಿಲ್ಲ. ಎರಡು ದಿನ ತಡವಾಗಿದ್ದರೆ ಮಾತೇ ಬೇರೆ ಇರುತ್ತಿತ್ತು ಎಂದು ಸರ್ಜನ್ನರು ರೌಂಡ್ಸಿನಲ್ಲಿ ಎಲ್ಲರ ಮುಂದೆ ಹೇಳಿದರು. ಮುಂದಿನ ಮೀಟಿಂಗಿನಲ್ಲಿ ಡಬ್ಬಿಯ ದುಡ್ಡು ಪ್ಯಾಕೇಜಿಗೆ ಸೇರಿತು.

ಇನ್ನೂ ಬಗೆಹರಿಯದ್ದು ಸಿಪ್ಯಾಪ್, ಮಲಗಿದಾಗ ಮಾಸ್ಕಿನಿಂದ ಗಾಳಿ ಒತ್ತುವ ಯಂತ್ರ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ಸದ್ಯ ತಲೆದಿಂಬು ಎತ್ತರಿಸಿ, ಮಗ್ಗುಲಾಗಿ ಮಲಗಲು ಹೇಳುತ್ತೇನೆ, ನಿದ್ದೆಮಾತ್ರೆ ಮುಟ್ಟದಂತೆ ತಾಕೀತು ಮಾಡುತ್ತೇನೆ. ಬೈಕಿನ ಬ್ಯಾಟರಿಗೆ ಸಣ್ಣ ಇನ್ವರ್ಟರ್ ಜೋಡಿಸಿ ನೋಡಿದೆ, ಹ್ಯುಮಿಡಿಫೈಯರ್ ಬಂದ್ ಮಾಡಿದರೂ ಮಧ್ಯರಾತ್ರಿಗೇ ಕೈಕೊಟ್ಟಿತು. ಲಿಥಿಯಂ ಬ್ಯಾಟರಿಯದು ಹನ್ನೆರಡು ಸಾವಿರದಿಂದ ಮೇಲೆ ಹೇಳುತ್ತಾರೆ, ಎಲ್ಲರಿಗೂ ಕೊಡಿಸಲಾಗದು. ಎರಡನ್ನು ಕೊಂಡು ಬಾಡಿಗೆಗೆ ತಿರುಗಿಸಬಹುದೇ ಎಂದು ನೋಡಬೇಕೆಂದಿದ್ದೇನೆ.